ಬೇಲಿ ಸಂದಿಯಿಂದ ತೋಳದ ಮರಿಯವರೆಗೆ

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಣ್ಣ ಏಳನೇ ಕ್ಲಾಸು, ಶಾಲೆಯ ಸ್ಕೌಟ್ ತಂಡದಲ್ಲಿದ್ದ. ಶನಿವಾರ ಬಂತೆಂದರೆ ಸ್ಕಾರ್ಫ್ ಕಟ್ಟಿಕೊಂಡು, ಕೋಲು ಹಿಡಿದು, ಶಾಲೆ ಹಿಂದಿನ ಮಾವಿನ ತೋಪಿಗೆ ಹೊರಡುತ್ತಿದ್ದ. ನಾನು ಅವನ ಹಿಂದೆಯೇ. "ಹೋಗೋ ಮನೆಗೆ, ನಿಂಗಿನ್ನೂ ಆ ವಯಸ್ಸಿಲ್ಲ" ಎಂದು ಓಡಿಸುತ್ತಿದ್ದ. ಎಲ್ಲಿಗೆ ಹೋಗೋದು? ಬೇಲಿ ಸಂದಿಯಲ್ಲಿ ಕೂತು ನೋಡುತ್ತಿದ್ದೆ. ನನ್ನಂಥವರು ಅಲ್ಲಿ ಇನ್ನೂ ನಾಲ್ಕೈದು ಜನ ಇರುತ್ತಿದ್ದರು.

ನಮ್ಮ ಕಾಟ ತಡೆಯಲಾರದೆಯೋ ಏನೋ, ಆ ವರ್ಷ ನಮ್ಮ ಮಿಸ್ ಚಿಕ್ಕ ಹುಡುಗರಿಗೆಂದೇ ಕಬ್ ಗುಂಪು ಶುರು ಮಾಡಿದರು. ಕಬ್ ಅಂದರೆ ತೋಳದ ಮರಿ, ಸ್ಕೌಟಿನ ಪುಟಾಣಿ ವಿಭಾಗ. ಅವರನ್ನು ಮಿಸ್ ಅನ್ನುವಂತಿಲ್ಲ, "ಅಕೇಲಾ" ಅನ್ನಬೇಕು. ಸಂತೆಯಲ್ಲಿ ನಾನು "ಅಮ್ಮಾ, ಅಕೇಲಾ ಬಂದ್ರು!" ಎಂದು ಕೂಗಿದಾಗ ಅಮ್ಮ ತಿರುಗಿ ತಿರುಗಿ ನೋಡಿದ್ದಳು.

ಮೊದಲ ದಿನ ವೃತ್ತವಾಗಿ ನಿಲ್ಲಿಸಿದರು. ಕುಕ್ಕರಗಾಲಲ್ಲಿ ಕೂರಬೇಕು. ಎರಡೂ ಕೈಯ ಎರಡೆರಡು ಬೆರಳನ್ನು ಕಾಲ ಮಧ್ಯೆ ನೆಲಕ್ಕೆ ಊರಬೇಕು. ತಲೆ ಎತ್ತಿ, ಕೈಲಾದಷ್ಟು ಮಾಡುತ್ತೇವೆ ಅಂತ ಅಕೇಲಾಗೆ ಕೂಗಿ ಹೇಳಿ, ಒಟ್ಟಿಗೆ ಮೇಲೆ ನೆಗೆದು ಆ ಬೆರಳುಗಳನ್ನು ತಲೆಯ ಪಕ್ಕ ಕಿವಿಯ ಹಾಗೆ ಹಿಡಿಯಬೇಕು. ಅದು ಗ್ರ್ಯಾಂಡ್ ಹೌಲ್, ಅಂದರೆ ತೋಳಗಳ ಹಾಗೆ ದೊಡ್ಡ ಊಳು. ನಾವು ಊಳಿಟ್ಟಿದ್ದಕ್ಕೆ ಬೀದಿ ನಾಯಿಗಳೆಲ್ಲ ದನಿಗೂಡಿಸಿದವು. ಹೆಡ್‌ಮಾಸ್ಟರು ಆಫೀಸಿನಿಂದ ಹೊರಗೆ ಬಂದು ನಿಂತರು.

ಎಷ್ಟೋ ವರ್ಷದ ಮೇಲೆ ಇದರ ಚರಿತ್ರೆ ಓದಿದಾಗ ನಗು ಬಂತು. ಇಂಗ್ಲೆಂಡಿನಲ್ಲೂ ಇದಕ್ಕೆ ಕಾರಣ ನಮ್ಮಂಥ ತಮ್ಮಂದಿರೇ! 1907ರಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಅಲ್ಲಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ಮಾಡಿದರು. ಅವರ ಅಣ್ಣನ ಮಗ, 9 ವರ್ಷದ ಡೊನಾಲ್ಡ್, ಅಲ್ಲೂ ಹಾಜರ್. ಆಮೇಲೆ ಊರೂರಲ್ಲಿ ಸ್ಕೌಟ್ ತಂಡ ಹುಟ್ಟಿಕೊಂಡವು, ಪುಟ್ಟ ಹುಡುಗರು ನಮ್ಮನ್ನೂ ಸೇರಿಸಿಕೊಳ್ಳಿ ಅಂತ ದುಂಬಾಲು ಬಿದ್ದರು. ಅವರನ್ನು ಸೇರಿಸಿಕೊಂಡರೆ ದೊಡ್ಡವರಿಗೆ ಮುಜುಗರ. ಹಾಗಂತ ಓಡಿಸಿದರೆ ಹೋಗೋರೂ ಅಲ್ಲ. 1914ರಲ್ಲಿ ಅವರಿಗೆ ಬೇರೆ ಯೋಜನೆಯ ಪ್ರಯತ್ನ ಶುರುವಾಯಿತು. 1916ರ ಡಿಸೆಂಬರಿನಲ್ಲಿ ಈ ಪುಟ್ಟವರಿಗೆಂದೇ ಕೈಪಿಡಿ ಬಂತು, ಅದೇ ತಿಂಗಳು 16ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ವುಲ್ಫ್ ಕಬ್ಸ್ ಬಹಿರಂಗವಾಗಿ ಶುರುವಾಯಿತು.

ಬೇಡನ್ ಪೊವೆಲ್ ಮಾಡಿದ ಜಾಣತನ ಅಂದರೆ, ದೊಡ್ಡವರ ಪಾಠವನ್ನೇ ಚಿಕ್ಕದು ಮಾಡಿ ಕೊಡಲಿಲ್ಲ. ಮಕ್ಕಳಿಗೆ ಕತೆ ಕೊಟ್ಟರು. ಲೇಖಕ ಕಿಪ್ಲಿಂಗ್ ಒಪ್ಪಿಗೆ ಪಡೆದು ಅವರ 'ಜಂಗಲ್ ಬುಕ್'ನ ತೋಳದ ಹಿಂಡನ್ನೇ ತಂದರು. ಅಕೇಲಾ ಆ ಹಿಂಡಿನ ಯಜಮಾನ. ಕತೆ ನಡೆಯುವುದು ಮಧ್ಯಪ್ರದೇಶದ ಸಿವನಿ ಕಾಡಿನಲ್ಲಿ. ನಮ್ಮದೇ ದೇಶದ ತೋಳ ಲಂಡನ್ ಸುತ್ತಿಕೊಂಡು ನಮ್ಮ ಶಾಲೆ ಮೈದಾನಕ್ಕೆ ಬಂದಿತ್ತು ನೋಡಿ.

ಇನ್ನೊಂದು ವಿಷಯ ನನಗೆ ಜಾಸ್ತಿ ಹಿಡಿಸಿತು. ಆಗ ಮೊದಲ ಮಹಾಯುದ್ಧ. ಗಂಡಸರು ರಣರಂಗದಲ್ಲಿ. ಎಷ್ಟೋ ಕಡೆ ಹುಡುಗರ ಗುಂಪು ನಡೆಸಿದವರು ಹೆಂಗಸರು. ಕೈಪಿಡಿ ಕೆಲಸದಲ್ಲಿ ಬೇಡನ್ ಪೊವೆಲ್‌ಗೆ ಹೆಗಲು ಕೊಟ್ಟವರು ವೆರಾ ಬಾರ್‌ಕ್ಲೇ ಎಂಬಾಕೆ. ಅಂದರೆ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಜೊತೆ ಊಳಿಡುತ್ತಿದ್ದ ಮಿಸ್ ಹೊಸದೇನೂ ಮಾಡಿರಲಿಲ್ಲ ಅಲ್ವಾ?

ಬೇಲಿಯಾಚೆ ಕೂತವರು ತಮ್ಮಂದಿರು ಮಾತ್ರ ಅಲ್ಲ. ನಮ್ಮ ದೇಶಕ್ಕೆ ಸ್ಕೌಟ್ ಬಂದದ್ದು 1909ರಲ್ಲಿ, ಬೆಂಗಳೂರಿಗೇ. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ. ನಮ್ಮ ಮಕ್ಕಳಿಗೆಂದು ಆ್ಯನಿ ಬೆಸೆಂಟ್ 1917ರಲ್ಲಿ ಬೇರೆ ಸಂಘವನ್ನೇ ಕಟ್ಟಬೇಕಾಯಿತು. ದೊಡ್ಡಬಳ್ಳಾಪುರದ ಸ್ಕೌಟ್ ತರಬೇತಿ ಕೇಂದ್ರಕ್ಕೆ ಅವರ ಹೆಸರಿದೆ. ಈಗಿನ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದ್ದು 1950ರಲ್ಲಿ.

ನಾನೇನೂ ದೊಡ್ಡ ಕಬ್ ಆಗಲಿಲ್ಲ ಬಿಡಿ. ರೀಫ್ ಗಂಟಿನ ಪರೀಕ್ಷೆಯಲ್ಲಿ ಮೂರು ಸಲ ಫೇಲು. ನಾನು ಕಟ್ಟಿದ್ದನ್ನು ಮಿಸ್ ಎರಡೂ ಕಡೆ ಎಳೆದರೆ ಜಾರಿ ಬಿಚ್ಚಿಕೊಳ್ಳುತ್ತಿತ್ತು. "ಎಡದ ಮೇಲೆ ಬಲ, ಆಮೇಲೆ ಬಲದ ಮೇಲೆ ಎಡ. ಹೇಳ್ಕೊಂಡು ಕಟ್ಟೋ" ಅನ್ನುತ್ತಿದ್ದರು. ಈಗಲೂ ರಟ್ಟಿನ ಡಬ್ಬಕ್ಕೆ ಹಗ್ಗ ಬಿಗಿಯುವಾಗ ಬಾಯಲ್ಲಿ ಅದೇ ಬರುತ್ತದೆ.

ಅಣ್ಣ ಮುಂದೆ ಶಿಬಿರಗಳಿಗೆಲ್ಲ ಹೋಗಿ ಎದೆ ತುಂಬ ಬ್ಯಾಡ್ಜ್ ಹಚ್ಚಿಕೊಂಡ. ಆದರೆ ಅವನ ಕಾಲಕ್ಕೆ ನಮ್ಮ ಶಾಲೆಯಲ್ಲಿ ಕಬ್ ಗುಂಪು ಇರಲಿಲ್ಲ. ಅವನು ಊಳಿಟ್ಟವನಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಇದನ್ನು ನಾನು ಅವನಿಗೆ ಕೇಳಿಸುವ ಹಾಗೆ ಹೇಳುತ್ತಿರುತ್ತೇನೆ.