ಆರನೆಯ ದಿನದ ಲೆಕ್ಕ
ಗಂಡನ ಹೊಡೆತ ತಾಳಲಾರದೆ ಎರಡು ಮಕ್ಕಳೊಂದಿಗೆ ಮನೆಬಿಟ್ಟು ಬಂದು, ನಮ್ಮ ಬೀದಿಯ ಒಂಟಿಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿರುವ ಅಕ್ಕನಿಗೆ ನಿನ್ನೆ ರವಿಕೆ ಹೊಲಿಯಲು ಕೊಟ್ಟೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ವಾಸಿಸುವ ಹಕ್ಕಿದೆ, ನಿಜ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ ನೆರವಿದೆ, ನೊಂದ ಹೆಂಗಸರಿಗೆಂದೇ ಸರ್ಕಾರ ತೆರೆದಿರುವ ಸಖಿ ಕೇಂದ್ರದಲ್ಲಿ ಐದು ದಿನಗಳವರೆಗೆ ತಂಗಲೂಬಹುದು. ಆರನೆಯ ದಿನದಿಂದ ಬೇರೆಯೇ ಲೆಕ್ಕ: ಬಾಡಿಗೆಗೆ ಕೇಳಿದಲ್ಲೆಲ್ಲ "ಯಜಮಾನರು ಎಲ್ಲಿ?" ಎಂಬ ಪ್ರಶ್ನೆ; ಪಡಿತರ ಚೀಟಿಯಲ್ಲಿ ಅತ್ತೆಯೇ ಯಜಮಾನಿಯಾದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಇನ್ನೂ ಆ ಮನೆಗೇ (ಹೊಡೆದವನ ಮನೆಗೇ!) ಸಂದಾಯ. ಕೊನೆಗೆ ಮುಂಗಡ ಕೇಳದೆ ಕೋಣೆ ಕೊಟ್ಟವರು ಒಬ್ಬ ಅಜ್ಜಿ, ಯಂತ್ರಕ್ಕೆ ಸಾಲ ಕೊಡಿಸಿದವರು ಸ್ವಸಹಾಯ ಸಂಘದ ಹೆಂಗಸರು. ಹೊಸ ಚೀಟಿಗೆ ಬರೆದ ಅರ್ಜಿಯ ಜೆರಾಕ್ಸ್ ಮಾತ್ರ ಯಂತ್ರದ ಖಾನೆಯಲ್ಲಿ, ನೂಲುಂಡೆಗಳ ಅಡಿಯಲ್ಲಿ, ಮಡಿಸಿಟ್ಟಂತೆಯೇ ಇದೆ.