ವಿಮಾನಕ್ಕೆ ಎಡಗಡೆಯಿಂದಲೇ ಯಾಕೆ ಹತ್ತಿಸುತ್ತಾರೆ?

“ಯಾವ ಊರಲ್ಲಿ ಹತ್ತಿದರೂ ಬಾಗಿಲು ಎಡಗಡೆಗೇ ಇರುತ್ತದಲ್ಲ, ಬಲಗಡೆ ಬಾಗಿಲೇ ಇಲ್ಲವಾ?” ವಿಮಾನಗಳ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬಲಗಡೆಯೂ ಬಾಗಿಲಿದೆ, ಎಡಬಾಗಿಲಿನ ಎದುರಿಗೇ ಇದೆ. ವಿಮಾನದ ಮೂಗಿನ ಕಡೆ ಮುಖ ಮಾಡಿ ನಿಂತರೆ ಎಡಗಡೆಯ ಮೊದಲ ಬಾಗಿಲು ಎಲ್‌1, ಬಲಗಡೆಯದು ಆರ್‌1. ನೀವು ಎಲ್‌1ರಲ್ಲಿ ಕಾಲಿಡುವ ಹೊತ್ತಿಗೆ ಆರ್‌1ರ ಹತ್ತಿರ ಊಟದ ಲಾರಿ ಬಂದು ನಿಂತಿರುತ್ತದೆ. ಉತ್ತರದ ಮುಕ್ಕಾಲು ಪಾಲು ಅಲ್ಲೇ ಇದೆ.

ಸಾಮಾನ್ಯವಾಗಿ ಸಿಗುವ ಉತ್ತರ ಹಡಗಿನದು. ಯುರೋಪಿನ ಹಳೆಯ ಹಡಗುಗಳಿಗೆ ಹಿಂಬದಿಯ ನಡುವೆ ಚುಕ್ಕಾಣಿ ಇರಲಿಲ್ಲ. ಬಲಮಗ್ಗುಲಿಗೆ ಕಟ್ಟಿದ ದೊಡ್ಡ ಹುಟ್ಟೇ ಚುಕ್ಕಾಣಿ. ಆ ಮಗ್ಗುಲನ್ನು ದಕ್ಕೆಗೆ ತಾಗಿಸಿದರೆ ಹುಟ್ಟು ಮುರಿಯುತ್ತಿತ್ತು, ಹಾಗಾಗಿ ಎಡಮಗ್ಗುಲನ್ನು ದಡಕ್ಕೆ ಕೊಟ್ಟು ಜನರನ್ನೂ ಸರಕನ್ನೂ ಹತ್ತಿಸುತ್ತಿದ್ದರು. ಎಡಕ್ಕೆ ‘ಪೋರ್ಟ್’, ಬಲಕ್ಕೆ ‘ಸ್ಟಾರ್‌ಬೋರ್ಡ್’ ಎಂಬ ಹೆಸರುಗಳು, ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು ದೀಪ, ಇವೆಲ್ಲ ವಿಮಾನಕ್ಕೆ ಬಂದದ್ದು ಹಡಗಿನಿಂದಲೇ.

ಆದರೆ ಹಡಗಿನ ರೂಢಿಯೊಂದೇ ಕಾರಣವಾಗಿದ್ದರೆ 1933ರಲ್ಲಿ ಸೇವೆಗೆ ಬಂದ ಬೋಯಿಂಗ್ 247ರ ಪ್ರಯಾಣಿಕರ ಬಾಗಿಲು ಬಲಗಡೆ ಇರುತ್ತಿರಲಿಲ್ಲ. ಅಮೆರಿಕನ್ ಏರ್‌ಲೈನ್ಸ್ ಮಾಡಿಸಿಕೊಂಡ ಡಗ್ಲಾಸ್ ಕಂಪನಿಯ ಡಿಸಿ-3 ವಿಮಾನಗಳಿಗೂ ಬಾಗಿಲು ಬಲಕ್ಕೇ ಇತ್ತು. ಅಂದರೆ 1930ರ ದಶಕದಲ್ಲಿ ಇದಿನ್ನೂ ಇತ್ಯರ್ಥವಾಗಿರಲಿಲ್ಲ.

ಇತ್ಯರ್ಥ ಮಾಡಿದ್ದರಲ್ಲಿ ಕ್ಯಾಪ್ಟನ್ನರ ಸೀಟಿನ ಪಾಲು ದೊಡ್ಡದು. ಅವರು ಕೂರುವುದು ಎಡಗಡೆ. ನೆಲದ ಮೇಲೆ ಮುಂಚಕ್ರ ತಿರುಗಿಸುವ ಟಿಲ್ಲರ್ ಅವರ ಎಡಗೈ ಹತ್ತಿರ ಇರುತ್ತದೆ, ಎಷ್ಟೋ ವಿಮಾನಗಳಲ್ಲಿ ಅದು ಅವರೊಬ್ಬರಿಗೇ. ತಳ್ಳುವ ಟ್ರ್ಯಾಕ್ಟರುಗಳು ಎಲ್ಲೆಡೆ ಬರುವ ಮೊದಲು ವಿಮಾನ ತನ್ನ ಎಂಜಿನ್ನಿನ ಬಲದಲ್ಲೇ ಬಂದು ಕಟ್ಟಡಕ್ಕೆ ಮಗ್ಗುಲು ಕೊಟ್ಟು ನಿಂತು, ಹಾಗೇ ಮುಂದೆ ಹೊರಟುಹೋಗುತ್ತಿತ್ತು. ರೆಕ್ಕೆಯ ತುದಿಗೂ ಕಟ್ಟಡಕ್ಕೂ ಎಷ್ಟು ಜಾಗ ಉಳಿದಿದೆ ಎಂದು ಕಿಟಕಿಯಿಂದ ನೋಡಿ ಅಂದಾಜು ಮಾಡಬೇಕಿದ್ದವರು ಕ್ಯಾಪ್ಟನ್. ಕಟ್ಟಡ ಎಡಕ್ಕೆ ಬಂದರೆ ಅದು ಸುಲಭ, ಆಗ ಬಾಗಿಲೂ ಎಡಕ್ಕೇ ಬೇಕು.

ಜನ ಎಡಕ್ಕೆ ಎಂದಾದ ಮೇಲೆ ಮಿಕ್ಕ ಕೆಲಸಗಳೆಲ್ಲ ಬಲಕ್ಕೆ ಸೇರಿಕೊಂಡವು. ನನ್ನ ಮಟ್ಟಿಗೆ ಈ ಪದ್ಧತಿ ಇಂದಿಗೂ ಅಲುಗದಿರುವುದಕ್ಕೆ ನಿಜವಾದ ಕಾರಣ ಇದೇ. ಏರ್‌ಬಸ್ ಎ320 ಮತ್ತು ಬೋಯಿಂಗ್ 737ರ ಹೊಟ್ಟೆಯಲ್ಲಿರುವ ಬ್ಯಾಗೇಜ್ ಬಾಗಿಲುಗಳು ಬಲಗಡೆ, ಬ್ಯಾಗು ಏರಿಸುವ ಬೆಲ್ಟ್ ಲೋಡರ್ ನಿಲ್ಲುವುದೂ ಅಲ್ಲೇ. 737ಕ್ಕೆ ಇಂಧನದ ಪೈಪು ಸಿಕ್ಕಿಸುವುದು ಬಲರೆಕ್ಕೆಯ ಕೆಳಗೆ. ಬಾಗಿಲಿನ ಅಳತೆಯೇ ಇದನ್ನು ಹೇಳುತ್ತದೆ: 737ರ ಎಲ್‌1 ಸುಮಾರು 86 ಸೆಂ.ಮೀ. ಅಗಲ, 183 ಸೆಂ.ಮೀ. ಎತ್ತರ, ಎದುರಿನ ಆರ್‌1 76 ಸೆಂ.ಮೀ. ಅಗಲ, 165 ಸೆಂ.ಮೀ. ಎತ್ತರ. ಒಂದು ಜನಕ್ಕೆ, ಇನ್ನೊಂದು ಊಟದ ಟ್ರಾಲಿಗೆ. (ಇಂಧನ ಎಲ್ಲದರಲ್ಲೂ ಬಲಕ್ಕೇ ಎಂದುಕೊಳ್ಳಬೇಡಿ. ಬೋಯಿಂಗ್ 777ಕ್ಕೆ ತುಂಬಿಸುವುದು ಎಡರೆಕ್ಕೆಯಲ್ಲಿ. ಅಷ್ಟು ಉದ್ದದ ವಿಮಾನದಲ್ಲಿ ಆ ಜಾಗ ಮುಂಬಾಗಿಲಿನಿಂದ ಬಹಳ ದೂರ.)

ಹುಬ್ಬಳ್ಳಿ, ಮೈಸೂರಿಗೆ ಹಾರುವ ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನ ನೋಡಿದರೆ ಜನರನ್ನು ಎಡಕ್ಕೇ ಇಡುವುದು ಯಾಕೆಂದು ಇನ್ನೂ ಸ್ಪಷ್ಟವಾಗುತ್ತದೆ. ನಿಂತಾಗ ಕರೆಂಟು ಕೊಡಲು ಅದರ ಬಾಲದಲ್ಲಿ ಬೇರೆ ಪುಟ್ಟ ಎಂಜಿನ್ ಇಲ್ಲ. ಬಲಗಡೆಯ ಎಂಜಿನ್ನಿಗೆ ಪ್ರೊಪೆಲ್ಲರ್ ಬ್ರೇಕ್ ಇದೆ. ಪಂಖ ತಿರುಗದಂತೆ ಹಿಡಿದು, ಎಂಜಿನ್ ಮಾತ್ರ ಓಡಿಸಿ, ಒಳಗೆ ವಿದ್ಯುತ್ತು ಮತ್ತು ಗಾಳಿ ಕೊಡುತ್ತಾರೆ. ಇದಕ್ಕೆ ‘ಹೋಟೆಲ್ ಮೋಡ್’ ಎನ್ನುತ್ತಾರೆ. ಎಡ ಎಂಜಿನ್ ಮಾತ್ರ ಪೂರ್ತಿ ನಿಂತಿರುತ್ತದೆ. ನೀವು ಹತ್ತುವುದು ಅದೇ ಎಡಮಗ್ಗುಲಿನ ಹಿಂಬಾಗಿಲಿನಿಂದ, ಬ್ಯಾಗು ಹೋಗುವುದು ಅದೇ ಮಗ್ಗುಲಿನ ಮುಂಬಾಗಿಲಿಗೆ. ಅಲ್ಲಿ ಬಲಕ್ಕೆ ಸುತ್ತು ಹಾಕಲು ಯಾರನ್ನೂ ಬಿಡುವುದಿಲ್ಲ, ಬಿಡಲೂಬಾರದು.

ಟರ್ಮಿನಲ್‌ನಿಂದ ವಿಮಾನದ ಬಾಗಿಲಿಗೆ ಚಾಚುವ ಏರೋಬ್ರಿಜ್ ಕೂಡ ಎಡಕ್ಕೆಂದೇ ಕಟ್ಟಿದ್ದು. ವಿಮಾನ ಮೂಗನ್ನು ಟರ್ಮಿನಲ್ ಕಡೆ ಮಾಡಿ ನಿಲ್ಲುವುದರಿಂದ, ಗಾಜಿನ ಹಿಂದೆ ನಿಂತು ನೋಡುವವರಿಗೆ ಏರೋಬ್ರಿಜ್ ತಮ್ಮ ಬಲಗಡೆ ಕಾಣುತ್ತದೆ. ವಿಮಾನದ ಚಕ್ರಕ್ಕೆ ಅಡ್ಡಕಟ್ಟೆ ಇಟ್ಟು, ಎಂಜಿನ್ ನಿಂತು ಅದರ ಮೈಮೇಲೆ ಮಿನುಗುವ ಕೆಂಪು ದೀಪ ಆರಿದ ಮೇಲೆಯೇ ಬ್ರಿಜ್ಜನ್ನು ಹತ್ತಿರ ತರಬೇಕು. ಎ320ರ ಹೊಸ್ತಿಲು ನೆಲದಿಂದ ಸುಮಾರು 3.4 ಮೀಟರ್, 737ರದು ಸುಮಾರು 2.7 ಮೀಟರ್. ಆದರೆ ಈ ಎತ್ತರ ನಿಂತಲ್ಲಿ ನಿಲ್ಲುವುದಿಲ್ಲ. ಜನ, ಬ್ಯಾಗು, ಇಂಧನ ತುಂಬಿದಂತೆ ವಿಮಾನ ಕುಸಿಯುತ್ತದೆ, ಇಳಿಸಿದಂತೆ ಏಳುತ್ತದೆ. ಅದನ್ನು ಹಿಂಬಾಲಿಸಲು ಬ್ರಿಜ್‌ನಲ್ಲಿ, ವಿಮಾನದ ಮೈಗೆ ಒತ್ತಿಕೊಂಡಿರುವ ಒಂದು ಪುಟ್ಟ ಚಕ್ರವಿದೆ. ಆ ಚಕ್ರ ಕೈಕೊಟ್ಟರೆ, ತೆರೆದ ಬಾಗಿಲಿನ ಕೆಳಅಂಚು ಬ್ರಿಜ್‌ನ ನೆಲಕ್ಕೆ ಕೂತು ಕೀಲು ಬಾಗುತ್ತದೆ, ವಿಮಾನ ಹಾರುವಂತಿಲ್ಲ. ಬಾಗಿಲಿಗಿಂತ ಬ್ರಿಜ್‌ನ ನೆಲವನ್ನು ಒಂದು ಮೆಟ್ಟಿಲಿನಷ್ಟು ತಗ್ಗಿಸಿ ಇಡುವುದು ಅದಕ್ಕೇ.

ಬಲಬಾಗಿಲುಗಳು ಜನಕ್ಕೆ ನಿಷಿದ್ಧವೇನಲ್ಲ. ತುರ್ತಿನಲ್ಲಿ ಜಾರುಬಂಡಿ ಎರಡೂ ಕಡೆ ಬಿಚ್ಚಿಕೊಳ್ಳುತ್ತದೆ. ಅರ್ಧದಷ್ಟು ಬಾಗಿಲು ಮಾತ್ರ ತೆರೆದು 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದು ಎಂದು ತೋರಿಸಿದ ಮೇಲೆಯೇ ವಿಮಾನಕ್ಕೆ ಒಪ್ಪಿಗೆ ಸಿಗುವುದು. 2022ರ ಆಗಸ್ಟ್‌ನಲ್ಲಿ ಇಂಡಿಗೊ ಬೆಂಗಳೂರು, ದೆಹಲಿ, ಮುಂಬೈಗಳಲ್ಲಿ ಪ್ರಯಾಣಿಕರನ್ನು ಮೂರು ಬಾಗಿಲುಗಳಿಂದ ಇಳಿಸುವುದಾಗಿ ಘೋಷಿಸಿತು: ಹಿಂದೆ ಒಂದು, ಮುಂದೆ ಎರಡು. ಮುಂದಿನ ಎರಡರಲ್ಲೊಂದು ಬಲಗಡೆಯದು. ಅಲ್ಲಿ ಇಳಿಜಾರು ದಾರಿ ಇರುವಷ್ಟು ಹೊತ್ತು ಊಟದ ಲಾರಿ ಹತ್ತಿರ ಸುಳಿಯುವಂತಿಲ್ಲ, ಬಲಗಡೆ ಇಳಿದವರನ್ನು ಬ್ಯಾಗೇಜ್ ಬೆಲ್ಟಿನ ಕಡೆ ಹೋಗದಂತೆ ಕಾದು ಕರೆದೊಯ್ಯಬೇಕು.