ಸಣ್ಣ ಹಡಗಿನ ಪ್ರವಾಸಕ್ಕೆ ಹಣ ಕಟ್ಟುವ ಮುನ್ನ

ದಸರೆ ಬಂತೆಂದರೆ ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಎರಡೇ ದಾರಿ: ನೆಂಟರಿಷ್ಟರನ್ನು ಕರೆಸಿಕೊಂಡು ದೀಪಾಲಂಕಾರ ತೋರಿಸುವುದು, ಇಲ್ಲವೇ ಮನೆಗೆ ಬೀಗ ಹಾಕಿ ಊರು ಬಿಡುವುದು. ನಿವೃತ್ತನಾದ ಮೇಲೆ ನಾನು ಎರಡನೆಯದನ್ನೇ ರೂಢಿ ಮಾಡಿಕೊಂಡಿದ್ದೇನೆ. ಜನಜಂಗುಳಿ ನನಗೆ ಆಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಹೊಗಳುವುದನ್ನೂ ತೆಗಳುವುದನ್ನೂ ಈ ಸ್ವಭಾವವನ್ನು ಗಮನದಲ್ಲಿಟ್ಟುಕೊಂಡೇ ಓದಬೇಕಾಗುತ್ತದೆ. 2023ರಲ್ಲಿ ಕ್ರೊಯೇಷಿಯಾದ ಕರಾವಳಿಯಲ್ಲಿ ಒಂದು ಹಾಯಿ ಹಡಗು, 2025ರ ದಸರೆಯ ಸಮಯಕ್ಕೆ ಗ್ರೀಸಿನ ದ್ವೀಪಗಳ ನಡುವೆ ಒಂದು ಸಣ್ಣ ಮೋಟಾರು ಹಡಗು, ಹೀಗೆ ಎರಡು ಬಾರಿ ನಾನೂ ನಮ್ಮ ಮನೆಯವರೂ ಏಳೇಳು ರಾತ್ರಿ ಕಳೆದು ಬಂದಿದ್ದೇವೆ. ಮೊದಲ ಪ್ರವಾಸವನ್ನು ಮಗಳು ಕೂತು ಗೊತ್ತು ಮಾಡಿದ್ದಳು, ಅದರಲ್ಲಿ ದೂರುವುದಕ್ಕೆ ಏನೂ ಇರಲಿಲ್ಲ. ಎರಡನೆಯದನ್ನು ನಾನೇ ಮೈಸೂರಿನ ಒಬ್ಬ ಏಜೆಂಟರ ಮೂಲಕ ಗೊತ್ತು ಮಾಡಿದೆ. ಈ ಬರಹಕ್ಕೆ ಕಾರಣವಾದದ್ದು ಅದೇ.

"ಎಲ್ಲವೂ ಸೇರಿದೆ ಸಾರ್, ನೀವು ಕೈಬೀಸಿಕೊಂಡು ಹೋಗಿಬನ್ನಿ" ಎಂದಿದ್ದರು ಏಜೆಂಟರು. ಕೊನೆಯ ರಾತ್ರಿ ಕ್ಯಾಬಿನ್ ಬಾಗಿಲ ಕೆಳಗಿನಿಂದ ಒಂದು ಕಾಗದ ಒಳಗೆ ತೂರಿ ಬಂತು. ಸಿಬ್ಬಂದಿಯ ಸೇವಾಶುಲ್ಕ 252 ಡಾಲರ್, ಇಂಟರ್ನೆಟ್ಟಿಗೆ 150, ಒಂದೇ ಒಂದು ದಿನದ ಊರು ಸುತ್ತಾಟಕ್ಕೆ 240, ಹೋಟೆಲಿನಿಂದ ಬಂದರಿಗೆ ಹೋಗಿಬರುವ ವಾಹನಕ್ಕೆ 120, ಗ್ರೀಸ್ ಸರ್ಕಾರದ ತೆರಿಗೆ 82. ಒಟ್ಟು 844 ಡಾಲರ್. ಹೆಂಡದ ಒಂದು ಹನಿಯನ್ನೂ ಮುಟ್ಟದ ಇಬ್ಬರ ಲೆಕ್ಕ ಇದು. ಕೌಂಟರಿಗೆ ಹೋಗಿ ವಿಚಾರಿಸಿದರೆ, ಇವೆಲ್ಲವೂ ಬೇರೆಯೆಂದು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿರುವುದನ್ನು ಅಲ್ಲಿದ್ದ ಹುಡುಗಿ ಬಹಳ ವಿನಯದಿಂದ ತೋರಿಸಿದಳು. ಬರೆದಿತ್ತು, ನಿಜ, ಆದರೆ ಏಜೆಂಟರು ನಮಗೆ ಕೊಟ್ಟಿದ್ದು ಬಣ್ಣದ ಚಿತ್ರಗಳಿದ್ದ ಎರಡು ಹಾಳೆ ಮಾತ್ರ. ಹಡಗಿನ ಕಂಪನಿಯ ಮೂಲ ಒಪ್ಪಂದವನ್ನು ಕೇಳಿ ಪಡೆದು ಓದದೆ ಹಣ ಕಟ್ಟಿದ್ದು ನನ್ನ ತಪ್ಪು.

ಆದ್ದರಿಂದ ಸಣ್ಣ ಹಡಗುಗಳನ್ನು ಹೋಲಿಸುವವರು ಜಾಹೀರಾತಿನಲ್ಲಿರುವ ದರವನ್ನಲ್ಲ, ಕೊನೆಯ ರಾತ್ರಿ ಬರುವ ಈ ಕಾಗದವನ್ನು ಹೋಲಿಸಬೇಕು. ಸೀಡ್ರೀಮ್, ಸೀಬೋರ್ನ್, ಸಿಲ್ವರ್‌ಸೀ ಮುಂತಾದ ಹಡಗು ಕಂಪನಿಗಳು ಮದ್ಯ, ಪಾನೀಯ, ಸಿಬ್ಬಂದಿಯ ಟಿಪ್ಸು ಎಲ್ಲವನ್ನೂ ದರದಲ್ಲೇ ಸೇರಿಸಿರುತ್ತವೆ. ಫ್ರೆಂಚರ ಪೊನಾಂಟ್‌ನಲ್ಲಿಯೂ ಮದ್ಯ ಸೇರಿರುತ್ತದೆ. ವಿಂಡ್‌ಸ್ಟಾರ್‌ನ ಮೂಲ ದರದಲ್ಲಿ ಮದ್ಯ, ಇಂಟರ್ನೆಟ್, ಟಿಪ್ಸು ಸೇರಿರುವುದಿಲ್ಲ. ಬೇಕಾದವರು ಎಲ್ಲವನ್ನೂ ಒಟ್ಟುಗೂಡಿಸಿದ ಇನ್ನೊಂದು ದರವನ್ನು ಕೊಡಬಹುದು. ಸ್ಟಾರ್ ಕ್ಲಿಪ್ಪರ್ಸ್‌ನಲ್ಲಿ ಕುಡಿಯುವುದಕ್ಕೂ ಟಿಪ್ಸಿಗೂ ಪ್ರತ್ಯೇಕವಾಗಿ ತೆರಬೇಕು. ಎಲ್ಲರೂ ಎಲ್ಲವೂ ಸೇರಿರುವ ಹಡಗೇ ಲೇಸೆಂದು ಸಲಹೆ ಕೊಡುತ್ತಾರೆ, ನಾನು ಒಪ್ಪುವುದಿಲ್ಲ. ಕುಡಿಯದ, ರಾತ್ರಿ ಒಂಬತ್ತೂವರೆಗೆ ಮಲಗುವ ದಂಪತಿ ಅಲ್ಲಿಗೆ ಹೋದರೆ ಪಕ್ಕದ ಮೇಜಿನವರ ಷಾಂಪೇನಿಗೆ ತಾವು ದುಡ್ಡು ಕಟ್ಟಿದಂತೆ. ನಮ್ಮ ಕಡೆಯ ಬಹುಪಾಲು ಹಿರಿಯರಿಗೆ ಮೂಲ ದರ ಮಾತ್ರ ಕೊಟ್ಟು, ಬೇಕಾದುದಕ್ಕೆ ಆಮೇಲೆ ಹಣ ತೆರುವ ಹಡಗೇ ಅಗ್ಗವಾಗುತ್ತದೆ. ಆದರೆ ಆ ಹೆಚ್ಚುವರಿ ಎಷ್ಟಾಗುತ್ತದೆಂದು ಮನೆಯಲ್ಲೇ ಕೂತು ಲೆಕ್ಕ ಹಾಕಿಕೊಂಡು ಹೊರಡಬೇಕು.

ಗ್ರೀಸಿನ ತೆರಿಗೆಯ ವಿಷಯ ಹಲವರಿಗೆ ತಿಳಿದಿಲ್ಲ. 2025ರ ಜುಲೈನಿಂದ ಹಡಗಿನಲ್ಲಿ ಬಂದು ಇಳಿಯುವ ಪ್ರತಿಯೊಬ್ಬರ ಮೇಲೂ ಅಲ್ಲಿನ ಸರ್ಕಾರ ಶುಲ್ಕ ವಿಧಿಸುತ್ತಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಯಾಂಟೊರಿನಿ ಮತ್ತು ಮಿಕೊನೊಸ್‌ನಲ್ಲಿ ತಲೆಗೆ 20 ಯೂರೊ, ಉಳಿದ ಬಂದರುಗಳಲ್ಲಿ 5 ಯೂರೊ. ಇಲ್ಲಿ, ನಮ್ಮ ದೇಶದಲ್ಲಿ, ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂದು, ಹಣ ಕಟ್ಟುವಾಗಲೇ ತೆರಿಗೆ ಹಿಡಿಯುತ್ತಾರೆ. ನಾವು ಹೊರಟಾಗ ಅದು 10 ಲಕ್ಷದವರೆಗೆ ಶೇಕಡಾ 5, ಅದಕ್ಕೆ ಮೇಲ್ಪಟ್ಟು ಶೇಕಡಾ 20 ಇತ್ತು. ಈ ದರ ಆಗಾಗ ಬದಲಾಗುತ್ತದೆ, ಕಟ್ಟುವ ದಿನದ ದರವನ್ನು ಲೆಕ್ಕಪರಿಶೋಧಕರಲ್ಲಿ ಕೇಳಿಕೊಳ್ಳಿ. ಇದು ಕಳೆದುಹೋದ ಹಣವಲ್ಲ. ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಆದರೆ ಹೊರಡುವ ಹೊತ್ತಿನಲ್ಲಿ ಕೈಯಿಂದ ಹೋಗುವುದಂತೂ ಖಂಡಿತ.

ಎರಡನೆಯ ಮೋಸ ಕ್ಯಾಬಿನ್ನಿನದು. "ಗ್ಯಾರಂಟಿ ಕ್ಯಾಬಿನ್" ಎಂದರೆ ಒಳ್ಳೆಯ ಕೋಣೆಯನ್ನು ಖಾತರಿಯಾಗಿ ಕೊಡುತ್ತಾರೆಂದು ನಾನು ತಿಳಿದಿದ್ದೆ. ಯಾವುದಾದರೂ ಒಂದು ಕೋಣೆ ಸಿಗುವುದು ಖಾತರಿ, ಯಾವುದೆಂದು ಆರಿಸುವುದು ಮಾತ್ರ ಅವರ ಹಕ್ಕು ಎಂದು ಅದರ ಅರ್ಥ. ನಮಗೆ ಸಿಕ್ಕಿದ್ದು ಕೆಳಗಿನ ಡೆಕ್ಕಿನ ಮೂತಿಯ ಭಾಗದಲ್ಲಿದ್ದ ಕೋಣೆ. ಹಡಗು ಬಂದರಿಗೆ ಓರೆಯಾಗಿ ಸರಿದು ನಿಲ್ಲುವುದಕ್ಕೆ ಮೂತಿಯ ಕೆಳಗೆ ಅಡ್ಡಲಾಗಿ ತಿರುಗುವ ಪಂಖಗಳಿರುತ್ತವೆ. ಬೆಳಗಿನ ಜಾವ ಐದೂವರೆಗೆ ಅವು ಶುರುವಾದರೆ ನಾವು ಮಲಗಿದ್ದ ಮಂಚವೇ ಅದುರುತ್ತಿತ್ತು, ಅದರ ಹಿಂದೆಯೇ ಲಂಗರಿನ ಸರಪಳಿ ದಡದಡನೆ ಇಳಿಯುತ್ತಿತ್ತು. ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರುಗಳ ಪಕ್ಕ ಮೂವತ್ತೈದು ವರ್ಷ ಕಳೆದವನು ನಾನು. ಕಬ್ಬು ಅರೆಯುವ ಕಾಲದಲ್ಲಿ ಆ ಸದ್ದಿನ ನಡುವೆಯೇ ನಿದ್ದೆ ತೆಗೆದಿದ್ದೇನೆ, ಆದರೂ ಇಲ್ಲಿ ಸೋತೆ. ಕಾರ್ಖಾನೆಯ ಸದ್ದು ಒಂದೇ ಸಮ ಇರುತ್ತದೆ. ಇದು ತೊಟ್ಟಿಲು ತೂಗಿ ಮಲಗಿಸಿ ಆಮೇಲೆ ತಲೆಗೆ ಮೊಟಕಿದಂತೆ. ನಾಲ್ಕೈದು ಸಾವಿರ ರೂಪಾಯಿ ಹೆಚ್ಚಾದರೂ ಸರಿ, ಹಡಗಿನ ನಕ್ಷೆ ನೋಡಿ, ನಡುಭಾಗದಲ್ಲಿ ಕೆಳಗಿನಿಂದ ಎರಡನೆಯ ಅಥವಾ ಮೂರನೆಯ ಡೆಕ್ಕಿನಲ್ಲಿ ಕ್ಯಾಬಿನ್ ನಂಬರನ್ನೇ ಬರೆಸಿಕೊಳ್ಳಿ. ನಡುಭಾಗದಲ್ಲಿ ತೂಗಾಟವೂ ಕಡಿಮೆ.

ಹಡಗಿನ ವಯಸ್ಸನ್ನೂ ಕೇಳಬೇಕು. ಪ್ರೀಮಿಯಂ ಎಂದ ಮಾತ್ರಕ್ಕೆ ಹೊಸ ಹಡಗು ಎಂದೇನಲ್ಲ. 112 ಜನರನ್ನು ಮಾತ್ರ ಹತ್ತಿಸಿಕೊಳ್ಳುವ ಸೀಡ್ರೀಮ್‌ನ ಎರಡೂ ಹಡಗುಗಳು 1980ರ ದಶಕದ ನಡುಭಾಗದಲ್ಲಿ ಕಟ್ಟಿದಂಥವು. ಕ್ಯಾಬಿನ್ನುಗಳಿಗೆ ಕಿಟಕಿಯುಂಟು, ಬಾಲ್ಕನಿಯಿಲ್ಲ. ವಿಂಡ್‌ಸ್ಟಾರ್‌ನ ಸ್ಟಾರ್ ಬ್ರೀಜ್ ಮೊದಲು ಸೀಬೋರ್ನ್ ಸ್ಪಿರಿಟ್ ಎಂಬ ಹೆಸರಿನಲ್ಲಿ ಓಡುತ್ತಿದ್ದ ಹಡಗು. 2005ರಲ್ಲಿ ಸೊಮಾಲಿಯಾದ ಬಳಿ ಕಡಲ್ಗಳ್ಳರ ದಾಳಿಯಿಂದ ಪಾರಾದದ್ದು ಇದೇ. ಇದನ್ನೂ ಇದರ ಜೊತೆಯ ಎರಡು ಹಡಗುಗಳನ್ನೂ ಇಟಲಿಯ ಪಲೆರ್ಮೊದಲ್ಲಿ ನಡುವೆ ಕತ್ತರಿಸಿ, ಸುಮಾರು 25 ಮೀಟರ್ ಉದ್ದದ ಹೊಸ ಭಾಗವನ್ನು ಬೆಸೆದು, ಎಂಜಿನ್ ಬದಲಾಯಿಸಿ, 212 ಜನರ ಹಡಗನ್ನು 312 ಜನರದ್ದಾಗಿ ಮಾಡಿದರು. ಎಂಜಿನಿಯರನಾದ ನನಗೆ ಇಂಥದ್ದನ್ನು ಕೇಳಿದರೆ ಊಟದ ನೆನಪೂ ಆಗುವುದಿಲ್ಲ. ಸ್ಟಾರ್ ಕ್ಲಿಪ್ಪರ್ಸ್‌ನವರ ರಾಯಲ್ ಕ್ಲಿಪ್ಪರ್ 2000ದಲ್ಲಿ ಓಡಲು ಶುರುವಾದದ್ದಾದರೂ ಹಳೆಯ ಕಾಲದ ಮಾದರಿಯಲ್ಲಿ ಐದು ಕಂಬಗಳಿಗೆ 42 ಹಾಯಿಗಳನ್ನು ಕಟ್ಟುವ ಹಡಗು. ಇನ್ನೊಂದು ತುದಿಯಲ್ಲಿ 930 ಜನರ ವೈಕಿಂಗ್ ಹಡಗುಗಳಿವೆ: ಮಕ್ಕಳಿಗೆ ಪ್ರವೇಶವಿಲ್ಲ, ಜೂಜುಕಟ್ಟೆಯಿಲ್ಲ, ಪ್ರತಿ ಬಂದರಿನಲ್ಲೂ ಒಂದು ಸುತ್ತಾಟ ದರದಲ್ಲೇ ಸೇರಿರುತ್ತದೆ. ಸಾವಿರದ ಹತ್ತಿರದ ಸಂಖ್ಯೆಯನ್ನು ಸಣ್ಣದೆಂದು ಕರೆಯಲು ನನ್ನ ನಾಲಿಗೆ ಏಳದು, ಆದರೆ ಮೊದಲ ಸಲ ಹೊರಟವರಿಗೆ, ಅದರಲ್ಲೂ ಸಮುದ್ರದ ಹೊಯ್ದಾಟಕ್ಕೆ ಹೆದರುವವರಿಗೆ, ಆ ಗಾತ್ರವೇ ಒಳ್ಳೆಯದು. ನೂರಿನ್ನೂರು ಜನರ ಹಡಗಿನಲ್ಲಿ ಗಾಳಿ ಎದ್ದರೆ ಸಾರಿನ ಬಟ್ಟಲು ತಾನಾಗಿಯೇ ಎದುರಿನವರ ಕಡೆ ಸರಿಯುತ್ತದೆ. ನಮ್ಮ ಪ್ರವಾಸದಲ್ಲಿ ಒಂದು ದಿನ ಗಾಳಿಯಿಂದಾಗಿ ಒಂದು ದ್ವೀಪವನ್ನೇ ಕೈಬಿಟ್ಟರು. ಏಜಿಯನ್ ಸಮುದ್ರದಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಜುಲೈ, ಆಗಸ್ಟಿನಲ್ಲಿ ಇನ್ನೂ ಜೋರು. ಆ ಎರಡು ತಿಂಗಳು ಬೇಡ.

ಸಣ್ಣ ಹಡಗಿಗೆ ಹೆಚ್ಚು ಹಣ ಕೊಡುವುದು ದೊಡ್ಡ ಹಡಗು ಹೋಗಲಾಗದ ಬಂದರಿಗೆ ಹೋಗುವುದಕ್ಕಾಗಿ. ಇದು ಸರಳವಾದ ಮಾತು, ಆದರೂ ಕಂಪನಿಗಳು ಜನರನ್ನು ಸೆಳೆಯಲು ಸ್ಯಾಂಟೊರಿನಿಯನ್ನು ತುರುಕುತ್ತವೆ. ಅಲ್ಲಿ ಎಲ್ಲ ಹಡಗುಗಳೂ ನೀರಿನಲ್ಲೇ ನಿಲ್ಲಬೇಕು, ದೋಣಿಯಲ್ಲಿ ದಡಕ್ಕೆ ಹೋಗಬೇಕು, ಅಲ್ಲಿಂದ ಕಡಿದಾದ ಬಂಡೆಯ ಮೇಲಿನ ಊರಿಗೆ ಕೇಬಲ್ ಕಾರಿನಲ್ಲೋ, ಕತ್ತೆಯ ಮೇಲೋ, ಸುಮಾರು ಆರುನೂರು ಮೆಟ್ಟಿಲು ಹತ್ತಿಯೋ ಹೋಗಬೇಕು. ಹಡಗುಗಳಲ್ಲಿ ಬರುವವರನ್ನು ದಿನಕ್ಕೆ 8,000ಕ್ಕೆ ಮಿತಿಗೊಳಿಸಿದ್ದಾರೆ. ಆ ಮಿತಿಯೊಳಗೇ ನಾವು ಬಿಸಿಲಿನಲ್ಲಿ ಒಂದೂವರೆ ಗಂಟೆ ಸರದಿಯಲ್ಲಿ ನಿಂತೆವು. ಆ ಸಾಲಿನಲ್ಲಿ ಮುನ್ನೂರು ಜನರ ಹಡಗಿನವನಿಗೂ ಮೂರು ಸಾವಿರ ಜನರ ಹಡಗಿನವನಿಗೂ ಭೇದವಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಆಷಾಢ ಶುಕ್ರವಾರ ಹತ್ತಿದರೆ ಇದಕ್ಕಿಂತ ಹೆಚ್ಚು ಗಾಳಿ ಸಿಗುತ್ತದೆ, ಮೇಲೆ ಪ್ರಸಾದವೂ ಸಿಗುತ್ತದೆ. ದಾರಿಯ ಪಟ್ಟಿಯಲ್ಲಿ ಮೊನೆಮ್ವಾಸಿಯಾ, ನಾಫ್ಲಿಯೊ, ಪಾತ್ಮೊಸ್, ಸಿಮಿ, ಹೈಡ್ರಾ ಇಂಥ ಸಣ್ಣ ಬಂದರುಗಳ ಹೆಸರುಗಳಿದ್ದರೆ ಹಣ ಕೊಡಿ. ಕೊರಿಂತ್ ಕಾಲುವೆಯ ಮೂಲಕ ಹೋಗುವ ಹಡಗು ಸಿಕ್ಕರೆ ಇನ್ನೂ ಒಳ್ಳೆಯದು: 1893ರಲ್ಲಿ ತೆರೆದ ಆ ಕಾಲುವೆಯ ಉದ್ದ ಸುಮಾರು 6.4 ಕಿಲೋಮೀಟರ್, ಅಗಲ 25 ಮೀಟರಿಗೂ ಕಡಿಮೆ. ಆದರೆ ಭೂಕುಸಿತದ ದುರಸ್ತಿಗೆಂದು ಅದನ್ನು ಕೆಲವು ವರ್ಷಗಳಿಂದ ಆಗಾಗ ಮುಚ್ಚುತ್ತಿದ್ದಾರೆ, ತೆರೆದಿದೆಯೇ ಎಂದು ಲಿಖಿತವಾಗಿ ಕೇಳಿ.

ಮೊನೆಮ್ವಾಸಿಯಾದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಮುದ್ರದಲ್ಲಿ ನಿಂತ ಒಂಟಿ ಬಂಡೆಯ ಮರೆಯಲ್ಲಿ ಕೋಟೆಯೊಳಗಿನ ಊರು. ಹೆಸರಿಗೆ ಒಂದೇ ದಾರಿ ಎಂದು ಅರ್ಥ. ಹಡಗಿನವರು ಮಾರುವ ಸುತ್ತಾಟ ಕೊಳ್ಳದೆ ನಾವೇ ಕೋಟೆ ನೋಡಿದೆವು. ಆಮೇಲೆ ಬಂಡೆಯಿಂದ ದಡಕ್ಕಿರುವ ಸೇತುವೆಯನ್ನು ನಡೆದು ದಾಟಿ, ಗೆಫಿರಾ ಎಂಬ ಎದುರಿನ ಊರಿಗೆ ಹೋದೆವು. ಎರಡನೆಯ ಬೀದಿಯಲ್ಲಿ ಐದು ಮೇಜುಗಳ ಒಂದು ಊಟದ ಮನೆ. ನಡುವಯಸ್ಸಿನ ಹೆಂಗಸಿಗೆ ಮಾಂಸ, ಮೀನು ಬೇಡವೆಂದು ಸನ್ನೆ ಮಾಡಿ ಹೇಳಿದಾಗ ಆಕೆ ನಮ್ಮ ಮನೆಯವರ ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ತೋರಿಸಿದಳು. ಮೊದಲು ಬಂದದ್ದು ಫಾವಾ: ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಆಲಿವ್ ಎಣ್ಣೆ ಹಾಕಿ, ಮೇಲೆ ಹಸಿ ಈರುಳ್ಳಿ ಉದುರಿಸಿದ್ದು; ಇಂಗು, ಒಗ್ಗರಣೆಯೊಂದು ಇದ್ದಿದ್ದರೆ ನಮ್ಮ ತೊವ್ವೆಯೇ. ಆಮೇಲೆ ಹೊರ್ತಾ: ಹೊಲದ ಬದುವಿನಲ್ಲಿ ಬೆಳೆಯುವ ಹಲವು ಬಗೆಯ ಸೊಪ್ಪುಗಳನ್ನು ಕಿತ್ತು ತಂದು ಬೇಯಿಸಿ ನಿಂಬೆರಸ ಹಿಂಡಿದ್ದು. ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಇದು ಬೆರಕೆ ಸೊಪ್ಪು. ನನ್ನ ತಾಯಿ ಮಳೆ ಬಿದ್ದ ವಾರ ಹೊಲದಿಂದ ಮಡಿಲು ತುಂಬ ಕಿತ್ತು ತಂದು ಉಪ್ಸಾರು ಮಾಡುತ್ತಿದ್ದುದು ನೆನಪಾಯಿತು. ದೊಡ್ಡ ಬಿಳಿ ಕಾಳುಗಳನ್ನು ಟೊಮೆಟೊ ರಸದಲ್ಲಿ ಒಲೆಯೊಳಗಿಟ್ಟು ಬೇಯಿಸಿದ್ದು, ಬಿಸಿ ಬ್ರೆಡ್ಡು, ಕೊನೆಗೆ ಕೇಳದೆ ತಂದಿಟ್ಟ ದ್ರಾಕ್ಷಿ ಗೊಂಚಲು. ಇಬ್ಬರಿಗೂ ಸೇರಿ 24 ಯೂರೊ. ಏಳು ದಿನ ಹಡಗಿನಲ್ಲಿ ಬಿಳಿ ಕೈಗವಸು ತೊಟ್ಟವರು ಬಡಿಸಿದ ಯಾವ ಊಟವೂ ಇದರ ಹತ್ತಿರ ಸುಳಿಯಲಿಲ್ಲ. ನಮ್ಮ ಮನೆಯವರು ಪರ್ಸಿನಿಂದ ಚಟ್ನಿಪುಡಿಯ ಪೊಟ್ಟಣ ತೆಗೆದು ಕೊಟ್ಟಾಗ ಆಕೆ ಬೆರಳಲ್ಲಿ ಮುಟ್ಟಿ ನೆಕ್ಕಿ, ಕಣ್ಣು ಅಗಲಿಸಿ, ಪೊಟ್ಟಣವನ್ನು ಮಡಿಸಿ ಕಪಾಟಿನಲ್ಲಿಟ್ಟುಕೊಂಡಳು.

ಹಡಗಿನ ಸಸ್ಯಾಹಾರ ಕೆಟ್ಟದ್ದೆಂದು ಹೇಳಲಾರೆ. ಮೊದಲ ಎರಡು ದಿನ ಬದನೆಕಾಯಿ ಮತ್ತು ಅಣಬೆಯನ್ನೇ ತಿರುಗಿಸಿ ಮುರುಗಿಸಿ ಕೊಟ್ಟರು. ಮೂರನೆಯ ದಿನ ಗೋವೆಯ ಅಡುಗೆಯವನೊಬ್ಬ ತಾನಾಗಿಯೇ ಬಂದು ಮಾತನಾಡಿಸಿ, ಅಂದಿನಿಂದ ಅನ್ನ, ಬೇಳೆ, ಒಂದು ಪಲ್ಯ ಮಾಡಿಕೊಟ್ಟ. ಇದು ಅದೃಷ್ಟ, ವ್ಯವಸ್ಥೆಯಲ್ಲ. ಹೊರಡುವುದಕ್ಕೆ ಎರಡು ತಿಂಗಳ ಮೊದಲೇ ಮೊಟ್ಟೆ, ಮೀನಿನ ಸಾರ ಯಾವುದೂ ಬೇಡವೆಂದು ಕಂಪನಿಗೆ ನೇರವಾಗಿ ಬರೆಯಿರಿ, ಏಜೆಂಟರಿಗೆ ಹೇಳಿ ಸುಮ್ಮನಾಗಬೇಡಿ. ಪುಳಿಯೋಗರೆ ಗೊಜ್ಜು, ಪುಡಿಗಳನ್ನು ಒಯ್ಯಬಹುದು. ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಬಿಡುವುದಿಲ್ಲವಾದ್ದರಿಂದ ತುಪ್ಪವನ್ನು ಮನೆಯಲ್ಲೇ ಬಿಡಿ. ನೀರು ಕಾಯಿಸುವ ಕೆಟಲ್ ಒಯ್ದಿದ್ದೆವು. ಬೆಂಕಿಯ ಭಯದಿಂದ ಇಂಥವನ್ನು ಹಡಗಿನಲ್ಲಿ ಬಿಡುವುದಿಲ್ಲವೆಂದು ಹತ್ತುವಾಗಲೇ ತೆಗೆದಿಟ್ಟುಕೊಂಡು ಚೀಟಿ ಕೊಟ್ಟು, ಕೊನೆಯ ದಿನ ಮರಳಿಸಿದರು.

ವೀಸಾದಲ್ಲಿ ಒಂದು ಎಚ್ಚರಿಕೆ. ದಾರಿಯಲ್ಲಿ ಟರ್ಕಿಯ ಕುಶಾದಾಸಿ ಇದ್ದರೆ ಹಡಗು ಷೆಂಗೆನ್ ವಲಯದಿಂದ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳಿಂದ, ಹೊರಗೆ ಹೋಗಿ ಮತ್ತೆ ಒಳಗೆ ಬಂದಂತೆ. ಒಂದೇ ಪ್ರವೇಶದ ವೀಸಾ ಸಾಲದು, ಹಲವು ಪ್ರವೇಶದ್ದೇ ಬೇಕೆಂದು ಅರ್ಜಿಯಲ್ಲಿ ಬರೆದು, ಹಡಗಿನ ದಾರಿಪಟ್ಟಿಯನ್ನು ಜೊತೆಗೆ ಲಗತ್ತಿಸಿ. ಪಾಸ್‌ಪೋರ್ಟನ್ನು ಹಡಗಿನವರು ತಮ್ಮ ಬಳಿಯೇ ಇಟ್ಟುಕೊಳ್ಳುವುದುಂಟು, ಗಾಬರಿಯಾಗಬೇಡಿ, ನೆರಳಚ್ಚು ಜೇಬಿನಲ್ಲಿರಲಿ.

ಮರಳುವ ದಿನವನ್ನೂ ನೋಡಿಕೊಂಡು ಗೊತ್ತುಮಾಡಿ. ಕೊನೆಯ ದಿನ ಬೆಳಿಗ್ಗೆ ಒಂಬತ್ತರೊಳಗೆ ಹಡಗಿನಿಂದ ಇಳಿಸಿಬಿಡುತ್ತಾರೆ, ವಿಮಾನ ಮಾತ್ರ ರಾತ್ರಿಯದಾಗಿರುತ್ತದೆ. ಪೆಟ್ಟಿಗೆಗಳನ್ನು ಇಟ್ಟುಹೋಗುವ ಜಾಗವನ್ನು ಮೊದಲೇ ಹುಡುಕಿಕೊಳ್ಳಿ. ಆ ಒಂದು ದಿನದ ಲೆಕ್ಕ ತಪ್ಪಿದ್ದರಿಂದ ನಾವು ಬೆಂಗಳೂರಿನಲ್ಲಿ ಇಳಿದದ್ದು ಅಕ್ಟೋಬರ್ 2ರ ಬೆಳಿಗ್ಗೆ, ಅಂದರೆ ವಿಜಯದಶಮಿಯಂದು. ಫ್ಲೈಬಸ್ಸಿನಲ್ಲಿ ಮೈಸೂರು ತಲುಪುವ ಹೊತ್ತಿಗೆ ಜಂಬೂಸವಾರಿಗಾಗಿ ರಸ್ತೆಗಳೆಲ್ಲ ಬಂದ್ ಆಗಿದ್ದವು. ಯಾವ ಆಟೋದವರೂ ಒಪ್ಪದೆ, ಎರಡು ಪೆಟ್ಟಿಗೆಗಳನ್ನು ಎಳೆದುಕೊಂಡು, ಆನೆ ನೋಡಲು ಬಂದ ಜನರನ್ನು ಭೇದಿಸಿಕೊಂಡು ನಾವು ಮನೆ ಸೇರಿದಾಗ ಸಂಜೆ ಏಳು ಗಂಟೆಯಾಗಿತ್ತು.